ದವಡಿ ಕಚ್ಚಿದ ಬಂದೂಕು

ತಪಾಸಣೆಯ ಕಿಂಡಿ

ಅಮೆರಿಕದ ನೆಲದ ಮೇಲೆ ಕಾಲಿಟ್ಟ ಮೊದಲ ಗಳಿಗೆಯಲ್ಲೇ ನಾನು ಸಿಕ್ಕಿಬಿದ್ದೆ. ತಪ್ಪು ನನ್ನದಲ್ಲ, ಕುಂಕುಮದ್ದು.

ತಪಾಸಣೆಯ ಅಧಿಕಾರಿ ನನ್ನ ಕೈಚೀಲದಿಂದ ಶೇಂಗಾ ಚಟ್ನಿ ಹಿಂಡಿಯ ಡಬ್ಬಿ ತೆಗೆದ, ಮೂಸಿದ, ಸೀನಿದ, ಪಕ್ಕಕ್ಕಿಟ್ಟ. ಆಮೇಲೆ ಒಂದು ಫೋಟೊ ಅವನ ಕೈಗೆ ಬಂತು. ಗೋಡೆಗೆ ಒರಗಿಸಿಟ್ಟ ಬಂದೂಕು, ಅದರ ಮರದ ಮೇಲೂ ಕಬ್ಬಿಣದ ಮೇಲೂ ಕೆಂಪು ಕಲೆ. ಅವನು ಫೋಟೊ ನೋಡಿದ, ನನ್ನನ್ನು ನೋಡಿದ, ಮತ್ತೆ ಫೋಟೊ ನೋಡಿದ.

“ಇದು ರಕ್ತವೇ?”

ಕುಂಕುಮಕ್ಕೆ ಇಂಗ್ಲಿಷಿನಲ್ಲಿ ಏನನ್ನುತ್ತಾರೋ ಆ ಹೊತ್ತಿಗೆ ತೋಚಲಿಲ್ಲ. ಬೆರಳಿನಿಂದ ನನ್ನ ಹಣೆ ಮುಟ್ಟಿ ತೋರಿಸಿದೆ. ಹಣೆಗೆ ಗುಂಡು ಹೊಡೆದ ಸನ್ನೆಯಂತೆ ಅವನಿಗೆ ಕಂಡಿರಬೇಕು, ಇನ್ನಿಬ್ಬರನ್ನು ಕರೆದ. ನನ್ನ ಹಿಂದೆ ನಿಂತಿದ್ದ ಖಾಜಾಸಾಬ್ ಕಿವಿಯ ಹತ್ತಿರ ಬಂದು ಹೇಳಿದ: “ಅಕ್ಕಾರ, ಸುಮ್ಮ ನಿಂದರ್ರಿ. ನೀವು ಕೈಬಾಯಿ ಆಡಿಸಿದಷ್ಟೂ ಕೇಸ್ ದೊಡ್ಡದಾಗಾಕತ್ತದ.”

ಬಂದ ಇಬ್ಬರಲ್ಲಿ ಒಬ್ಬ ನರೆತ ಮೀಸೆಯವನು. ಫೋಟೊ ನೋಡಿದ್ದೇ ಅವನ ಮುಖ ಅರಳಿತು. “ಹದಿನೆಂಟುನೂರ ತೊಂಬತ್ನಾಲ್ಕರ ಮಾದರಿ! ನಮ್ಮಜ್ಜನ ಬಳಿ ಇಂಥದ್ದೇ ಇತ್ತು.” ಕೆಂಪು ಬಣ್ಣ ಯಾಕೆ ಎಂದು ಕೇಳಿದ. ವರ್ಷಕ್ಕೊಮ್ಮೆ ಮಹಾನವಮಿಗೆ ಇದಕ್ಕೆ ಪೂಜೆ ಮಾಡುತ್ತೇವೆ ಎಂದೆ. “ನಾವು ದಿನಾ ಮಾಡುತ್ತೇವೆ” ಎಂದು ನಕ್ಕು ಫೋಟೊ ವಾಪಸು ಕೊಟ್ಟ. ಹಿಂಡಿಯ ಡಬ್ಬಿ ಮಾತ್ರ ಅಲ್ಲೇ ಉಳಿಯಿತು.

ನಾನು ಕೊಂಕಲ್ ಊರಿನವಳು. ಬಹಳ ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ, ಆಮೇಲೆ ನಮ್ಮ ಕಾಲುವೆಯ ನೀರು ಬಳಕೆದಾರರ ಸಂಘಕ್ಕೆ ಅಧ್ಯಕ್ಷೆಯಾದವಳು. ಖಾಜಾಸಾಬ್ ವಡಗೇರಾ ಕಡೆಯ ಸಂಘದವನು. ಅಮೆರಿಕದ ರೈತರು ಕಾಲುವೆಯ ನೀರನ್ನು ಹೇಗೆ ಹಂಚಿಕೊಳ್ಳುತ್ತಾರೆ ನೋಡಿಕೊಂಡು ಬನ್ನಿ ಎಂದು ನಮ್ಮಂಥ ಕೆಲವರನ್ನು ಸರ್ಕಾರ ಕಳಿಸಿತ್ತು. ಆದರೆ ನನ್ನ ಚೀಲದಲ್ಲಿ ಬೇರೆಯದೇ ಕೆಲಸವಿತ್ತು.

ನಮ್ಮಪ್ಪ ಸುರಪುರದ ಕಡೆಯ ಒಬ್ಬ ಜಾಗೀರದಾರರಿಗೆ ಬೇಟೆಯ ಜಾಡು ತೋರಿಸುತ್ತಿದ್ದ. ನಿಜಾಮರ ಆಳ್ವಿಕೆ ಮುಗಿದು ಜಾಗೀರದಾರರು ಹೈದರಾಬಾದಿಗೆ ಹೋಗುವಾಗ ಅಪ್ಪನ ಕೈಗೆ ಈ ಬಂದೂಕು ಕೊಟ್ಟು, ಲೈಸೆನ್ಸನ್ನೂ ಅವನ ಹೆಸರಿಗೆ ಮಾಡಿಸಿಕೊಟ್ಟರು. ಇದರ ಕುದುರೆಯ, ಅಂದರೆ ಗುಂಡು ಹಾರಿಸಲು ಒತ್ತುವ ಕೀಲಿನ ಸುತ್ತ, ಹಿಡಿಕೆಯ ಕೆಳಗೆ, ಬೆರಳು ತೂರಿಸುವ ಕಬ್ಬಿಣದ ಬಳೆ ಇದೆ. ಬಳೆಯನ್ನು ಕೆಳಗೆ ತಳ್ಳಿದರೆ ಬಂದೂಕು ಬಾಯಿ ತೆರೆದು ಸುಟ್ಟ ತೋಟಾ ಉಗುಳುತ್ತದೆ. ಮೇಲಕ್ಕೆಳೆದರೆ ಹೊಸ ಗುಂಡು ನುಂಗಿ ಬಾಯಿ ಮುಚ್ಚುತ್ತದೆ. ಮೆಲುಕು ಹಾಕುವ ಎತ್ತಿನ ದವಡೆಯಂತೆ ಆಡುವುದರಿಂದ ಊರಲ್ಲಿ ಇದಕ್ಕೆ ದವಡಿ ಬಂದೂಕು ಎಂದೇ ಹೆಸರು.

ಆ ದವಡಿ ತೆರೆಯದಂತೆ ಕಚ್ಚಿಕೊಂಡು ಬಹಳ ವರ್ಷಗಳಾಗಿದ್ದವು. ಅಪ್ಪ ತೀರಿದ ಮೇಲೆ ಲೈಸೆನ್ಸು ತಮ್ಮ ಹಣಮಂತನ ಹೆಸರಿಗಿದೆ. ಈ ಸಲ ಠಾಣೆಯವರು ಖಡಾಖಂಡಿತವಾಗಿ ಹೇಳಿದರು: ಬಾಯಿ ತೆರೆದು ಒಳಗೆ ಗುಂಡಿಲ್ಲವೆಂದು ತೋರಿಸಿ, ಇಲ್ಲವೇ ಒಪ್ಪಿಸಿ, ಗ್ಯಾಸಿನಿಂದ ಕತ್ತರಿಸಿ ಹಾಕುತ್ತೇವೆ. ದಸರೆಯವರೆಗೆ ಗಡುವು. ಹಣಮಂತ ನನ್ನ ಮುಂದೆ ಬಂದು ಕುಳಿತ.

“ಅಕ್ಕಾ, ಗ್ಯಾಸ್ ಕಟರ್ ಒಂದು ಬ್ಯಾಡ. ನೀ ಅದು ಹುಟ್ಟಿದ ದೇಶಕ್ಕ ಹೊಂಟಿ. ದವಡಿ ಹೆಂಗ ಬಿಡಿಸ್ಬೇಕು ಕೇಳ್ಕೊಂಡು ಬಾ.”

“ಒಳಗ ಗುಂಡು ಏನರ ಅದ ಏನೋ?”

“ಇಲ್ಲ. ಖಾಲಿ ಅದ” ಎಂದು ಎದ್ದು ಹೋದ.

ಪಾಳಿಯ ನೀರು ಬಿಡುವತನಕ ಇಂಜಿನಿಯರರ ಕಚೇರಿಯ ಮೆಟ್ಟಿಲ ಮೇಲೆ ಬುತ್ತಿ ಬಿಚ್ಚಿ ಕೂತವಳು ನಾನು. ಅಪ್ಪನ ಬಂದೂಕನ್ನು ಗುಜರಿಯಾಗಲು ಬಿಡುತ್ತೇನೆಯೇ? ಕಾಲುವೆ ನೋಡುವುದು ಸರ್ಕಾರದ ಕೆಲಸ, ದವಡಿ ಬಿಡಿಸುವುದು ನನ್ನ ಕೆಲಸ ಎಂದು ನಿಶ್ಚಯಿಸಿಕೊಂಡೇ ವಿಮಾನ ಹತ್ತಿದ್ದೆ.

ಮೊಂಟಾನಾದ ಕಾಲುವೆ ದಂಡೆ

ನಮ್ಮಿಬ್ಬರಿಗೆ ಇಳಿದುಕೊಳ್ಳಲು ಸಿಕ್ಕಿದ್ದು ಮೊಂಟಾನಾ ರಾಜ್ಯದ ಒಂದು ಒಕ್ಕಲು ಮನೆ. ಮನೆಯೊಡತಿ ರೂತ್, ಗಂಡನನ್ನು ಕಳೆದುಕೊಂಡ ಮುದುಕಿ, ಅಲ್ಲಿನ ಕಾಲುವೆ ಸಂಘಕ್ಕೆ ಅವಳೇ ಮುಖ್ಯಸ್ಥೆ. ನನ್ನ ಕೈ ಕುಲುಕಿದಳು. ಅಂಗೈ ನನ್ನದಕ್ಕಿಂತ ಒರಟಾಗಿತ್ತು, ಅಲ್ಲಿಗೇ ನನಗೆ ಅವಳು ಸೇರಿದಳು. ಸುತ್ತ ನೋಡಿದರೆ ಮರವಿಲ್ಲ, ಗುಡ್ಡವಿಲ್ಲ, ಯಾದಗಿರಿಯಿಂದ ಮುದನಾಳದ ಕಡೆ ಹೊರಟರೆ ಕಾಣುವಂಥದೇ ಬಯಲು. ಮನೆಯಿಂದ ಮನೆಗೆ ಕೂಗು ಹಾಕಿದರೆ ಮಾತ್ರ ಕೇಳಿಸದು, ಅಷ್ಟು ದೂರ.

ಮೊದಲ ದಿನ ಬೆಳಿಗ್ಗೆ ನಾನು ತಂದಿದ್ದ ಖಡಕ್ ಜೋಳದ ರೊಟ್ಟಿಯನ್ನು ಪ್ರೀತಿಯಿಂದ ಅವಳ ಮುಂದಿಟ್ಟೆ. ಅವಳು ಅದರ ಮೇಲೆ ಮೊಟ್ಟೆ, ಆಲೂಗಡ್ಡೆ ಬಡಿಸಿಕೊಂಡು ಚಮಚದಲ್ಲಿ ತಿಂದು ಮುಗಿಸಿದಳು. ಆಮೇಲೆ ರೊಟ್ಟಿಯನ್ನು ಎತ್ತಿಕೊಂಡು ಹೋಗಿ ನಲ್ಲಿಯ ಕೆಳಗೆ ಹಿಡಿದಳು.

“ಅಕ್ಕಾರ, ಓಡ್ರಿ! ತಾಟು ಅಂತ ತಿಳದಾಳ, ತೊಳದು ಇಡಾಕತ್ತಾಳ!” ಖಾಜಾಸಾಬ್ ಕೂಗಿದ. ತಿಂದು ತೋರಿಸಿದ ಮೇಲೆ ಅವಳು ನಕ್ಕಿದ್ದೇ ನಕ್ಕಿದ್ದು. ಅಂದಿನಿಂದ ನಮ್ಮ ಮೂವರ ನಡುವೆ ಸಂಕೋಚ ಉಳಿಯಲಿಲ್ಲ.

ಕಾಲುವೆಯ ಮೇಲೆ ಜೀಪಿನಲ್ಲಿ ಅಡ್ಡಾಡಿಸಿದಳು. ತೂಬುಗಳಿಗೆ ಬೀಗವಿಲ್ಲ. ಯಾರ ಪಾಳಿ ಯಾವಾಗ ಎಂದು ಒಂದು ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದಿತ್ತು, ಅಷ್ಟೇ. ಒಡೆದ ದಂಡೆ, ತೂಬಿಗೆ ತುರುಕಿದ ಕಲ್ಲು, ಹುಲ್ಲಿನ ಪೆಂಡಿ ಎಲ್ಲಾದರೂ ಕಂಡೀತೇ ಎಂದು ನಾನು ಕಣ್ಣಲ್ಲಿ ಕಣ್ಣಿಟ್ಟು ಹುಡುಕಿದೆ. ಒಂದೂ ಸಿಗದೆ ಹೊಟ್ಟೆಕಿಚ್ಚಾಯಿತು.

“ಇಲ್ಲಿ ಯಾರೂ ನೀರು ಕದಿಯುವುದಿಲ್ಲವೇ?” ಎಂದು ಕೇಳಿಯೇಬಿಟ್ಟೆ.

“ಕದಿಯದೆ ಏನು? ನನ್ನ ಗಂಡನೇ ಕದ್ದಿದ್ದ. ನಮ್ಮ ಮಾವನ ಕಾಲದಲ್ಲಿ ಇದೇ ತೂಬಿನ ಮೇಲೆ ಬಂದೂಕು ಹಿಡಿದು ನಿಂತಿದ್ದರು” ಎಂದಳು.

ಖಾಜಾಸಾಬ್ ಗಟ್ಟಿಯಾಗಿ ಉಸಿರು ಬಿಟ್ಟ. “ಅಲ್ಹಮ್ದುಲಿಲ್ಲಾ! ಇವರೂ ನಮ್ಮಂಥ ಮಂದಿನ ಅದಾರ.”

ನನಗೆ ಮಾತ್ರ ನಗು ಬರಲಿಲ್ಲ. ನಮ್ಮಲ್ಲೂ ಹೀಗೇ ಆಗಿತ್ತು. ಕಾಲುವೆ ನೀರು ಬಂದ ಹೊಸತು. ಪಕ್ಕದ ಹೊಲದ ಸಿದ್ಧಣ್ಣ ನಮ್ಮ ಪಾಳಿಯ ನೀರನ್ನು ತನ್ನ ಗದ್ದೆಗೆ ತಿರುವಿಕೊಂಡ. ಒಂದಲ್ಲ, ಹಲವು ಸಲ. ಹಣಮಂತನಿಗೆ ಆಗ ಬಿಸಿರಕ್ತ. ಒಂದು ಸಂಜೆ ಗೂಟದ ಮೇಲಿನ ಬಂದೂಕು ತೆಗೆದುಕೊಂಡು ತೂಬಿನ ಕಡೆ ಹೋದ. ಸುದ್ದಿ ಕೇಳಿ ಅಪ್ಪ ಓಡುವಷ್ಟರಲ್ಲಿ ತಾನೇ ತಿರುಗಿ ಬಂದ. ಗುಂಡು ಹಾರಿರಲಿಲ್ಲ. “ಬರೇ ಅಂಜಸಾಕ ಒಯ್ದಿದ್ದೆ, ಖಾಲಿ ಅದ” ಎಂದು ಎಲ್ಲರೆದುರು ಅಪ್ಪನ ಕಾಲು ಮುಟ್ಟಿ ಆಣೆ ಮಾಡಿದ. ಬಂದೂಕು ಮತ್ತೆ ಗೂಟಕ್ಕೆ ಹೋಯಿತು. ಕೆಲ ಕಾಲಕ್ಕೆ ಪಾಳಿಯೂ ಸರಿಹೋಯಿತು. ಈಗ ಸಿದ್ಧಣ್ಣನೂ ಹಣಮಂತನೂ ಒಬ್ಬರ ಮನೆಯ ಚಹಾ ಇನ್ನೊಬ್ಬರು ಕುಡಿಯದೆ ಹೊಲಕ್ಕೆ ಹೋಗುವುದಿಲ್ಲ.

ರೂತ್‌ಳ ಅಡುಗೆಮನೆ

ನಾವು ಮಾವಿನ ತೋರಣ ಕಟ್ಟುವ ಜಾಗದಲ್ಲಿ, ಬಾಗಿಲ ಮೇಲೆ, ಅವಳ ಬಂದೂಕು ತೂಗುತ್ತಿತ್ತು. ನೋಡಿದ ಕೂಡಲೇ ಗುರುತು ಹತ್ತಿತು. ನಮ್ಮದೇ ದವಡಿ ಬಂದೂಕು. ಕುಂಕುಮವೊಂದಿಲ್ಲ.

ಕೇಳಿದೆ, ಕೆಳಗಿಳಿಸಿದಳು. ನನ್ನ ಕೈಗೆ ಕೊಡುವ ಮೊದಲು ಬಳೆಯನ್ನು ಕೆಳಗೆ ತಳ್ಳಿ, ಬಾಯಿ ತೆರೆದು, ಆ ತೆರೆದ ಬಾಯನ್ನು ನನ್ನ ಕಣ್ಣಿಗೆ ಹಿಡಿದಳು. “ನೋಡಿದೆಯಾ? ಖಾಲಿ.” ನಾನು ಹೂಂ ಎಂದ ಮೇಲೆಯೇ ಕೊಟ್ಟಳು. ನಾನು ಖಾಜಾಸಾಬನಿಗೆ ದಾಟಿಸಹೋದರೆ ತಡೆದಳು. “ಮತ್ತೆ ತೆರೆ. ಅವನಿಗೂ ತೋರಿಸು.”

“ಈಗಷ್ಟೇ ಎಲ್ಲರೂ ನೋಡಿದೆವಲ್ಲ?”

“ನೋಡಿದ್ದರೂ ಸರಿ. ಐವತ್ತು ವರ್ಷ ಸಂಸಾರ ಮಾಡಿದ ಗಂಡನಿಗೂ ನಾನು ತೆರೆದು ತೋರಿಸಿಯೇ ಕೊಡುತ್ತಿದ್ದೆ, ಅವನೂ ನನಗೆ. ಅದು ಅಪನಂಬಿಕೆಯಲ್ಲ, ಮರ್ಯಾದೆ.”

ನನಗೆ ಅದು ವಿಚಿತ್ರವೆನಿಸಿತು. ನಮ್ಮಲ್ಲಿ ಖಾಲಿ ಇದೆ ಎಂದು ಮನೆಯವನು ಬಾಯಿಬಿಟ್ಟು ಹೇಳಿದ ಮೇಲೆ ತೆರೆದು ನೋಡಿದರೆ, ನಿನ್ನ ಮಾತು ನಂಬಲಿಲ್ಲ ಎಂದು ಮುಖಕ್ಕೆ ಹೇಳಿದ ಹಾಗೆ. ಒಂದೇ ಬಂದೂಕಿಗೆ ಎರಡು ದೇಶದಲ್ಲಿ ಎರಡು ಬಗೆಯ ಮರ್ಯಾದೆ.

ಆಮೇಲೆ ಕಾಫಿ ಸುರಿಯುತ್ತ ಅದರ ಕಥೆ ಹೇಳಿದಳು. ಈ ದವಡಿ ಬರುವ ಮೊದಲು ಒಂದು ಗುಂಡು ಹಾರಿಸಿದರೆ ಮತ್ತೆ ಮದ್ದು ಸುರಿದು, ಸೀಸ ಇಳಿಸಿ, ಸಲಾಕೆಯಿಂದ ಜಡಿಯಬೇಕಿತ್ತು. ಅವರ ದೇಶ ಎರಡು ಪಾಲಾಗಿ ಬಡಿದಾಡುವ ಹೊತ್ತಿಗೆ ಈ ಉಪಾಯ ಹೊರಬಂತು. ಗುಂಡುಗಳನ್ನು ನಳಿಗೆಯ ಕೆಳಗಿನ ಕೊಳವೆಯಲ್ಲಿ ಸಾಲಾಗಿ ತುಂಬು, ಬಳೆ ತಳ್ಳು, ಎಳೆ, ಹೊಡೆ. ನಾನು ಮನಸ್ಸಿನಲ್ಲೇ ಲೆಕ್ಕ ಹಾಕಿದೆ. ಸುರಪುರದ ಬೇಡರ ದಂಗೆಯನ್ನು ಇಂಗ್ಲಿಷರು ಅಡಗಿಸಿ, ನಮ್ಮವರ ಆಯುಧ ಕಸಿದುಕೊಂಡ ಒಂದೆರಡು ವರ್ಷಕ್ಕೇ ಇದು ಹುಟ್ಟಿದೆ. ಸ್ವಲ್ಪ ಮೊದಲೇ ಹುಟ್ಟಿ ಸುರಪುರದ ದಾರಿ ಹಿಡಿದಿದ್ದರೆ ಎನಿಸಿತು.

ಅದನ್ನೇ ರೂತ್‌ಗೆ ಹೇಳಿದೆ. ಅವಳು ತಲೆಯಾಡಿಸಿದಳು. “ನಮ್ಮ ರಾಜ್ಯದಲ್ಲೇ ಒಂದು ಹೊಳೆಯ ದಂಡೆಯಲ್ಲಿ ಈ ನೆಲದ ಮೂಲ ಜನ ಇಂಥ ಬಂದೂಕು ಹಿಡಿದು ಸರ್ಕಾರಿ ದಂಡನ್ನು ಸೋಲಿಸಿದರು. ದಂಡಿನವರ ಕೈಯಲ್ಲಿ ಒಂದೊಂದೇ ಗುಂಡಿನ ಬಂದೂಕಿತ್ತು. ಆದರೂ ಕೊನೆಗೆ ನೆಲ ಅವರಿಗೆ ಉಳಿಯಲಿಲ್ಲ. ನಾನು ಉಳುವುದು ಅವರ ನೆಲವೇ.” ಅದನ್ನು ಜಂಬದಿಂದಲೂ ಹೇಳಲಿಲ್ಲ, ಮರೆಮಾಚಲೂ ಇಲ್ಲ. ಅದು ನನಗೆ ಹಿಡಿಸಿತು.

ಹೊಗೆಯಿಲ್ಲದ ಮದ್ದು ಬಂದ ಮೇಲೆ ತೊಂಬತ್ನಾಲ್ಕರ ಮಾದರಿ ಹುಟ್ಟಿ ಲಕ್ಷಗಟ್ಟಲೆ ತಯಾರಾಯಿತಂತೆ. ದನ ಕಾಯುವವರಿಗೆ ಇದರ ಮೇಲೆ ಜೀವ. ಎರಡೂ ಮಗ್ಗುಲು ಚಪ್ಪಟೆ, ಕುದುರೆಯ ಜೀನಿನ ಪಕ್ಕ ತೊಡೆಯ ಕೆಳಗೆ ಸಿಕ್ಕಿಸಿದರೆ ಒತ್ತುವುದಿಲ್ಲ. ಹೆಗಲಿನಿಂದ ಇಳಿಸದೆ, ಗುರಿಯಿಂದ ಕಣ್ಣು ತೆಗೆಯದೆ ಮತ್ತೆ ಹೊಡೆಯಬಹುದು. ಆದರೆ ಜನ ಮರುಳಾಗುವುದು ಇದಕ್ಕಲ್ಲ, ಸದ್ದಿಗೆ ಎಂದಳು. ನಾನು ಬಳೆ ತಳ್ಳಿ ಎಳೆದೆ. ಚಕ್, ಚಕ್. ಎಷ್ಟೋ ವರ್ಷದ ಹಿಂದೆ ಅಪ್ಪ ಪಡಸಾಲೆಯಲ್ಲಿ ಕೂತು ಮಾಡುತ್ತಿದ್ದ ಸದ್ದು. ಖಾಜಾಸಾಬ್ ತಾನೂ ನೋಡುತ್ತೇನೆಂದು ಹೋಗಿ ಹೆಬ್ಬೆರಳ ಚರ್ಮವನ್ನು ಸಂದಿಗೆ ಕೊಟ್ಟುಕೊಂಡು “ಅರೆ ಅಮ್ಮೀ!” ಎಂದು ಕುಣಿದ.

ಕೊನೆಗೆ ನಮ್ಮ ಫೋಟೊ ಅವಳ ಮುಂದಿಟ್ಟೆ. “ಇದರ ದವಡೆ ಬಿಡಿಸುವ ದಾರಿ ತಿಳಿಯದೆ ನಾನು ವಾಪಸು ಹೋಗುವುದಿಲ್ಲ” ಎಂದೆ.

ಕನ್ನಡಕ ಏರಿಸಿ ನೋಡಿದಳು. “ಮುರಿದಂತೆ ಕಾಣುವುದಿಲ್ಲ. ಯಾವ ಎಣ್ಣೆ ಹಾಕುತ್ತೀರಿ?”

ಪೂಜೆಯ ದಿನ ಕುಸುಬಿ ಎಣ್ಣೆ ಹಚ್ಚುತ್ತೇವೆ. ಆದರೆ ಕುಸುಬಿಗೂ ನನಗೆ ಇಂಗ್ಲಿಷು ಗೊತ್ತಿರಲಿಲ್ಲ. ಈ ಸಲ ಹಣೆ ಮುಟ್ಟುವ ತಪ್ಪು ಮಾಡದೆ ಸುಮ್ಮನಾದೆ.

ಕುಸುಬಿ ಹೊಲ

ಮರುದಿನ ಇನ್ನೊಂದು ಕಾಲುವೆ ನೋಡಲು ಹೊರಟಿದ್ದೆವು. ನೀರು ಹರಿಯದ ಎತ್ತರದ ನೆಲ ಬಂತು. ದಾರಿಯ ಬಲಕ್ಕೆ ಕಣ್ಣು ಹಾಯುವತನಕ ಹಳದಿ, ನಡುನಡುವೆ ಕೇಸರಿ.

“ನಿಲ್ಲಸ್ರಿ! ಜೀಪ್ ನಿಲ್ಲಸ್ರಿ!” ಕನ್ನಡದಲ್ಲೇ ಕಿರುಚಿದೆ. ರೂತ್ ಹೆದರಿ ಬ್ರೇಕು ಒತ್ತಿದಳು. ಇಳಿದು ಹೊಲಕ್ಕೆ ನುಗ್ಗಿದೆ. ಸೀರೆಗೆ, ಕಾಲಿಗೆ, ಕೈಗೆ ಮುಳ್ಳು ಚುಚ್ಚಿದವು. ಅದೇ ಮುಳ್ಳು, ಅದೇ ಹೂವು, ಅದೇ ವಾಸನೆ. ಕಾಲುವೆ ಬರುವ ಮೊದಲು ನಮ್ಮ ಪ್ರತಿ ಜೋಳದ ಹೊಲದ ಸುತ್ತ ದನ ನುಗ್ಗದಂತೆ ಕುಸುಬಿಯ ಸಾಲು ಇರುತ್ತಿತ್ತು. ನೀರು ಬಂತು, ಭತ್ತ ಬಂತು, ಕುಸುಬಿ ಹೋಯಿತು. ಹೋಗಿದ್ದು ನನಗೆ ಇಷ್ಟು ನೋಯುತ್ತಿತ್ತೆಂದು ಅಲ್ಲಿಯವರೆಗೆ ಗೊತ್ತಿರಲಿಲ್ಲ. ನಿಂತಲ್ಲೇ ಅತ್ತುಬಿಟ್ಟೆ.

“ಇದರ ಎಣ್ಣೆ. ಇದನ್ನೇ ಬಂದೂಕಿಗೆ ಹಚ್ಚುವುದು” ಎಂದು ಮೂಗು ಒರೆಸುತ್ತ ಹೇಳಿದೆ.

ರೂತ್ ಎರಡೂ ಕೈ ಸೊಂಟಕ್ಕಿಟ್ಟಳು. “ಬಂದೂಕಿಗೆ? ಇದನ್ನು ನಾವು ಬಣ್ಣದ ಕಾರ್ಖಾನೆಗೂ ಮಾರುತ್ತೇವೆ. ಗಾಳಿಗಿಟ್ಟರೆ ಒಣಗಿ ಗಟ್ಟಿಯಾಗುವ ಎಣ್ಣೆ ಇದು. ನೀವು ವರ್ಷಕ್ಕೊಮ್ಮೆ ಬಂದೂಕಿಗೆ ವಾರ್ನಿಶ್ ಕುಡಿಸಿದ್ದೀರಿ!” ಬಿಡಿಸುವ ದಾರಿಯನ್ನೂ ಅಲ್ಲೇ ಹೇಳಿದಳು. ಬೆಂಕಿ ತೋರಿಸಬಾರದು, ಸುತ್ತಿಗೆ ಮುಟ್ಟಿಸಬಾರದು, ಟರ್ಪೆಂಟೈನ್ ಹನಿಹನಿಯಾಗಿ ದಿನಾ ಕುಡಿಸಬೇಕು, ಮೂತಿ ಸದಾ ಮರಳಿನಲ್ಲಿ ಹುದುಗಿರಬೇಕು. “ಒಳಗೆ ಗುಂಡಿದೆ ಎಂದೇ ತಿಳಿದು ಕೆಲಸ ಮಾಡಿ. ಯಾರು ಏನೇ ಹೇಳಲಿ.”

ಗೆದ್ದೆ ಎಂದುಕೊಂಡೆ. ಭಕ್ತಿಯಿಂದ ಬಂದೂಕಿನ ಬಾಯಿ ಮುಚ್ಚಿಸಿದ ಜನ ನಾವು ಎಂದು ಖಾಜಾಸಾಬನಿಗೆ ಹೇಳಿ ನಗಾಡಿದೆ. ಜೀಪಿನಲ್ಲಿ ಕೂತು ಫೋಟೊವನ್ನು ಇನ್ನೊಮ್ಮೆ ನೋಡಿದಾಗ ನಗು ನಿಂತಿತು.

ಪೂಜೆಯ ಎಣ್ಣೆ ಬಂಗಾರದ ಬಣ್ಣದ್ದು. ಅದನ್ನು ಹಚ್ಚುವುದು ಮೇಲೆ ಮೇಲೆ, ಬೆರಳ ತುದಿಯಿಂದ. ಫೋಟೊದಲ್ಲಿ ಬಳೆಯ ಸಂದಿಯುದ್ದಕ್ಕೂ ಕುದುರೆಯ ಬುಡದಲ್ಲೂ ತುಂಬಿದ್ದು ಡಾಂಬರಿನಷ್ಟು ಕಪ್ಪಾದ ಗಟ್ಟಿ ಪದಾರ್ಥ. ಅದನ್ನು ನಾನು ಚಿಕ್ಕವಳಿದ್ದಾಗ ಎಷ್ಟು ಸಲ ನೋಡಿಲ್ಲ! ಬಾವಿಯಿಂದ ಎತ್ತು ಹೂಡಿ ನೀರು ಎಳೆಯುತ್ತಿದ್ದ ಕಾಲದಲ್ಲಿ ತೊಗಲಿನ ಚೀಲ ನೀರಲ್ಲಿ ಕೊಳೆಯದಿರಲೆಂದು ಅಪ್ಪ ಕುಸುಬಿ ಕಾಳನ್ನು ಗಡಿಗೆಯಲ್ಲಿ ಸುಟ್ಟು ಕರಿ ಎಣ್ಣೆ ಇಳಿಸುತ್ತಿದ್ದ. ಆ ನಾತಕ್ಕೆ ಅವ್ವ ಬೈಯುತ್ತಿದ್ದಳು. ಹಚ್ಚಿ ಒಣಗಿಸಿದರೆ ಮುಗಿಯಿತು, ಹೊಲಿಗೆಯ ತೂತೂ ಮುಚ್ಚಿಹೋಗುತ್ತಿತ್ತು. ಕಾಲುವೆ ಬಂದ ಮೇಲೆ ಬಾವಿ ಹೂಳು ತುಂಬಿತು, ತೊಗಲ ಚೀಲ ಹೋಯಿತು. ನಮ್ಮ ಮನೆಯಲ್ಲಿ ಕರಿ ಎಣ್ಣೆ ಇಳಿಸುವುದು ಗೊತ್ತಿದ್ದವನು ಒಬ್ಬನೇ.

ದವಡಿ ತಾನಾಗಿ ಕಚ್ಚಿರಲಿಲ್ಲ. ಅಪ್ಪನೇ ಕಚ್ಚಿಸಿದ್ದ. ಯಾವಾಗ ಎಂದು ಯೋಚಿಸಬೇಕಾಗಿರಲಿಲ್ಲ. ಹಣಮಂತ ತೂಬಿನಿಂದ ತಿರುಗಿ ಬಂದ ಆ ಸಂಜೆಯ ನಂತರ ನಮ್ಮ ಪಡಸಾಲೆಯಲ್ಲಿ ಚಕ್ ಚಕ್ ಸದ್ದು ಯಾರೂ ಕೇಳಿರಲಿಲ್ಲ.

“ಯಾಕ್ರಿ ಅಕ್ಕಾರ, ಗಪ್ಪಾದ್ರಿ?” ಖಾಜಾಸಾಬ್ ಕೇಳಿದ.

“ಊರು ನೆನಪಾಯ್ತು” ಎಂದೆ. ಅದು ಸುಳ್ಳೇನಲ್ಲ.

ಕೊಂಕಲ್

ಊರಿಗೆ ಬಂದು ಸಂಘದವರಿಗೆ ಸೀಮೆಸುಣ್ಣದ ಹಲಗೆಯ ಬಗ್ಗೆ ಭಾಷಣ ಮಾಡಿದೆ. ಅದು ಒಂದು ಕಡೆ ಇರಲಿ. ಶಹಾಪುರದ ಬಣ್ಣದ ಅಂಗಡಿಯಿಂದ ಟರ್ಪೆಂಟೈನ್ ತರಿಸಿದೆ. ಹಣಮಂತ ಬಂದೂಕಿನ ಮೂತಿಯನ್ನು ಕಣದ ಮರಳುಗುಡ್ಡೆಯಲ್ಲಿ ಹುಗಿದು, ಕೋಳಿ ಪುಕ್ಕದಿಂದ ದಿನಾ ಹನಿ ಹಾಕಿದ. ಕರಿ ಎಣ್ಣೆ ಕರಗಿ ಕರಗಿ ಇಳಿಯುತ್ತಿತ್ತು. ಯಾರನ್ನೂ ಹತ್ತಿರ ಬಿಡುತ್ತಿರಲಿಲ್ಲ. ಖಾಲಿ ಬಂದೂಕಿಗೆ ಇಷ್ಟೊಂದು ಅಂಜಿಕೆ ಯಾಕೆ ಎಂದು ನಾನು ಕೇಳಲಿಲ್ಲ. ಸಿದ್ಧಣ್ಣ ಮಾತ್ರ ದಿನಾ ಬಂದು ಪಕ್ಕದಲ್ಲಿ ಕೂತು ಬೀಡಿ ಸೇದುವವನು. ಟರ್ಪೆಂಟೈನ್ ಇದೆ, ಬೀಡಿ ಆರಿಸು ಎಂದು ನಾನು ಬೈದ ಮೇಲೆ ಎಲೆ ಅಡಿಕೆ ತಂದ.

ರೂತ್‌ಳ ಮನೆಯ ಪದ್ಧತಿಯನ್ನು ಇಬ್ಬರಿಗೂ ಹೇಳಿದ್ದೆ. ತೆರೆದು ತೋರಿಸಿ ಕೊಡುವುದು, ಅದು ಅಪನಂಬಿಕೆಯಲ್ಲ ಎನ್ನುವುದು. ಹಣಮಂತ ತಲೆ ತಗ್ಗಿಸಿ ಕೇಳಿಸಿಕೊಂಡಿದ್ದ.

ದಸರೆ ಹತ್ತಿರ ಬಂದ ಒಂದು ಬೆಳಿಗ್ಗೆ ಬಳೆ ಕೂದಲೆಳೆಯಷ್ಟು ಅಲುಗಿತು.

“ಹಿಂದ ಸರೀರಿ. ನಾ ಒಬ್ಬನ ತಗೀತೀನಿ” ಎಂದ ಹಣಮಂತ.

“ಖಾಲಿ ಅದ ಅಂತಿ, ಹಿಂದ ಯಾಕ ಸರೀಬೇಕು?” ಸಿದ್ಧಣ್ಣ ಕೂತಲ್ಲಿಂದ ಏಳಲಿಲ್ಲ.

ಹಣಮಂತ ಹಲ್ಲು ಕಚ್ಚಿ ಬಳೆ ತಳ್ಳಿದ. ಕರ್ ಎಂದಿತು, ತಡೆಯಿತು, ಆಮೇಲೆ ಒಮ್ಮೆಲೇ ಕೆಳಗೆ ಬಂತು. ಚಕ್. ಬಂದೂಕಿನ ಬಾಯಿಂದ ಒಂದು ತೋಟಾ ಹಾರಿ ಸಿದ್ಧಣ್ಣನ ಕಾಲ ಬಳಿ ಗೋಣಿತಟ್ಟಿನ ಮೇಲೆ ಬಿತ್ತು. ಹಿತ್ತಾಳೆ ಹಸಿರುಗಟ್ಟಿತ್ತು. ತುದಿಯಲ್ಲಿ ಸೀಸ ಹಾಗೇ ಇತ್ತು.

ಸಿದ್ಧಣ್ಣ ಅದನ್ನು ಎತ್ತಿ ಅಂಗೈಯಲ್ಲಿ ಹೊರಳಿಸಿ ನೋಡಿದ.

“ಇದು ನಂದು, ಹೌದಿಲ್ಲೋ ಹಣಮ್ಯಾ?”

“ಹೌದು” ಎಂದ ಹಣಮಂತ. “ಅವತ್ತು ತುಂಬಿನ ತಂದಿದ್ದೆ. ನೀ ತೂಬಿನ ಮ್ಯಾಲ ಬೆನ್ನು ಮಾಡಿ ಕುಂತಿದ್ದಿ. ಗುರಿ ಹಿಡಿದಿದ್ದೆ. ಕೈ ಬರಲಿಲ್ಲ. ಮನಿಗೆ ಬಂದು ಅಪ್ಪಗ ಖಾಲಿ ಅಂತ ಆಣಿ ಮಾಡಿದೆ. ಅಪ್ಪ ದವಡಿ ತಗದು ನೋಡಲಿಲ್ಲೋ. ಒಮ್ಮಿನೂ ನೋಡಲಿಲ್ಲ. ಮರುದಿನ ಗಡಿಗಿ ಹಚ್ಚಿ ಕರಿ ಎಣ್ಣಿ ಇಳಿಸಾಕತ್ತಿದ್ದ. ಯಾಕಂತ ಕೇಳಾಕ ನನಗ ಬಾಯಿ ಇ‍ರಲಿಲ್ಲ.”

ಅಪ್ಪ ಜಾಡು ನೋಡಿಯೇ ಪ್ರಾಣಿಯ ವಯಸ್ಸು ಹೇಳುತ್ತಿದ್ದವನು. ಮಗನ ಮುಖದ ಮೇಲಿನದು ಅವನಿಗೆ ಓದಲು ಬರಲಿಲ್ಲವೇ? ತೆರೆದು ನೋಡಿದ್ದರೆ ಮಗ ಎಲ್ಲರೆದುರು ಸುಳ್ಳನಾಗುತ್ತಿದ್ದ, ಆಣೆ ಸುಳ್ಳಾಗುತ್ತಿತ್ತು. ನೋಡದೆ ಬಿಟ್ಟರೆ ಇನ್ನೊಂದು ಸಂಜೆ ಬರುತ್ತಿತ್ತು. ಅದಕ್ಕೇ ಅವನು ನೋಡಲೂ ಇಲ್ಲ, ಬಿಡಲೂ ಇಲ್ಲ. ನನಗೆ ಅಪ್ಪನ ಮೇಲೆ ಹಿಂದೆಂದೂ ಇಲ್ಲದಷ್ಟು ಪ್ರೀತಿ ಉಕ್ಕಿ ಬಂತು.

ಆ ತೋಟಾವನ್ನೂ ಬಂದೂಕನ್ನೂ ಆಮೇಲೆ ಠಾಣೆಗೆ ಒಯ್ದು ತೋರಿಸಿದೆವು, ಲೈಸೆನ್ಸಿನ ಕೆಲಸವೂ ಆಯಿತು. ಆದರೆ ಅವತ್ತು ಕಣದಲ್ಲಿ ನಡೆದದ್ದು ಇನ್ನೊಂದಿಷ್ಟಿದೆ.

ಹಣಮಂತ ಬಳೆಯನ್ನು ಮತ್ತೆ ಮತ್ತೆ ತಳ್ಳಿ ಎಳೆದ. ಇನ್ನೇನೂ ಹೊರಬರಲಿಲ್ಲ. ಬಂದೂಕನ್ನು ಮರಳಿನಿಂದ ಕಿತ್ತು, ದವಡಿ ಪೂರಾ ತೆರೆದು, ಎರಡೂ ಕೈಯಲ್ಲಿ ಸಿದ್ಧಣ್ಣನ ಮುಂದೆ ಹಿಡಿದ.

“ನೋಡು. ಈಗ ಖರೇನ ಖಾಲಿ ಅದ.”

ಸಿದ್ಧಣ್ಣ ಬಂದೂಕಿನ ಬಾಯೊಳಗೆ ನೋಡಲಿಲ್ಲ. ಹಣಮಂತನ ಮುಖ ನೋಡಿದ.

“ಮುಚ್ಚೋ ಹಣಮ್ಯಾ” ಎಂದ. “ನೀ ಖಾಲಿ ಅಂದ್ರ ಖಾಲಿನ.”